ಸಿಂಗಾಪುರಕ್ಕೆ ಬಂದ ನಮ್ಮ ಹೆಳವ

ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಹಸುವಿನ ಕೂಗು. ಕನಸಿರಬೇಕೆಂದು ಮಗ್ಗುಲು ಬದಲಿಸಿದೆ. ಮತ್ತೆ ಕೂಗಿತು. ಎರಡು ಮಹಡಿ ಇಳಿದು ಬಂದು ನೋಡಿದರೆ, ಎರಡು ಕಾರುಗಳ ನಡುವೆ ಒಂದು ಸೀಮೆಹಸು, ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದ ಮನೆಯೊಡತಿ ಜಯಮ್ಮನವರು. ನಾನು ಬಾಯಿ ಬಿಟ್ಟು ನಿಂತದ್ದನ್ನು ಕಂಡು, “ಏನಪ್ಪಾ, ಅಸ ನೋಡಿಲ್ವಾ ನೀನು? ಅಳ್ಳಿಯೋನು ಅಂದೆ?” ಎಂದರು.

ನಾಚಿಕೆಯಾಯಿತು. ರೋಣದ ಕಡೆಯ ನಮ್ಮೂರಲ್ಲಿ ದನ ಮಾರಿ ನಾವು ಪಾಕೀಟಿನ ಹಾಲಿಗೆ ಇಳಿದು ಯಾವ ಕಾಲವಾಯಿತೋ. ಕೆಚ್ಚಲಿನಿಂದ ಬಿಸಿಬಿಸಿ ಹಾಲು ಬೀಳುವುದನ್ನು ನೋಡಲು ನಾನು ಬೆಂಗಳೂರಿಗೆ ಬರಬೇಕಾಯಿತು.

ನಾವಿರುವುದು ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿ. ಊರಿನವರೇ, ನಿಮ್ಮಲ್ಲಿ ಕೆಲವರು ಬಸವರಾಜ ವಿಮಾನ ಹತ್ತಿದನೆಂದು ಸುದ್ದಿ ಹಬ್ಬಿಸಿದ್ದೀರಂತೆ. ಹಾಗೇನಿಲ್ಲ, ಬಂದದ್ದು ಯಶವಂತಪುರದ ರೈಲಿಗೇ. ನನ್ನ ಹೆಂಡತಿ ಶಾಂತವ್ವನಿಗೆ ಸೋಲದೇವನಹಳ್ಳಿಯ ಒಂದು ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಅವಳ ಹಿಂದೆ ಗಂಟುಮೂಟೆ ಹೊತ್ತು ಬಂದವನು ನಾನು. ಊರಲ್ಲಿ ಗಿರಣಿ ನಡೆಸುತ್ತಿದ್ದವನಿಗೆ ಇಲ್ಲಿಯೂ ಒಂದು ಹಿಟ್ಟಿನ ಗಿರಣಿಯಲ್ಲೇ ಕೆಲಸವಾಯಿತು. ಅಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡು ಬೆಳ್ಳಗೆ ಮನೆಗೆ ಹೋಗುತ್ತಿದ್ದೆ, ಇಲ್ಲಿ ರಾಗಿ ಹಿಟ್ಟು ಮೆತ್ತಿಕೊಂಡು ಬೂದುಬಣ್ಣಕ್ಕೆ ತಿರುಗಿದ್ದೇನೆ. ಶಾಂತವ್ವ ಮೊದಲ ಸಂಜೆ ನನ್ನನ್ನು ನೋಡಿ, “ಯಾರ ಬೇಕಾಗಿತ್ರೀ?” ಎಂದು ಕೇಳಿ ನಕ್ಕಳು.

ಇದು ಹಳೆಯ ಹಳ್ಳಿ. ಸುತ್ತ ಮನೆಗಳೆದ್ದಿವೆ, ಆದರೆ ಹಳಬರ ದಿನಚರಿ ಬದಲಾಗಿಲ್ಲ. ಜಯಮ್ಮನವರು ಮಾರದೆ ಉಳಿಸಿಕೊಂಡ ಎರಡು ಖಾಲಿ ಸೈಟುಗಳಲ್ಲಿ ರಾಗಿ ಬಿತ್ತುತ್ತಾರೆ, ಸಾಲಿನ ನಡುವೆ ಅವರೆ. ಕೊಯ್ಲಾದ ಮೇಲೆ ರಾಗಿ ಟಾರು ರಸ್ತೆಯ ಮೇಲೆ ಒಣಗುತ್ತದೆ, ಕಾರಿನವರು ಸುತ್ತಿಕೊಂಡು ಹೋಗುತ್ತಾರೆ. ಚಳಿಗಾಲದ ಸಂಜೆ ಮನೆಮಂದಿಯೆಲ್ಲ ಮೆಟ್ಟಿಲ ಮೇಲೆ ಕೂತು ಅವರೆಕಾಳು ಹಿತುಕುತ್ತೇವೆ. ಮುದ್ದೆ ನುಂಗುವುದನ್ನು ನನಗೆ ಕಲಿಸಿದ್ದು ಅವರೇ. “ಅಗೀಬ್ಯಾಡ ಬಸಣ್ಣ, ಅದೇನ್ ಕಡ್ಲೆಕಾಯಾ?” ಎಂದು ಬೈದು ಬೈದು ಕಲಿಸಿದರು. ಅವರಿಗೆ ನಮ್ಮ ಕಟಕ ರೊಟ್ಟಿ ಹಿಡಿಸಿಲ್ಲ. ಹಲ್ಲಿದ್ದಾಗ ಬರಬೇಕಿತ್ತು ನೀವು ಎನ್ನುತ್ತಾರೆ.

ನನ್ನ ಹವ್ಯಾಸ ನಿಮಗೆ ಗೊತ್ತೇ ಇದೆ. ಊರಲ್ಲಿ ಉಳಿದವರು ಇಸ್ಪೀಟು ಆಡುವಾಗ ನಾನು ಗಿರಣಿಗೆ ಬಂದವರ ಅಜ್ಜ, ಮುತ್ತಜ್ಜರ ಹೆಸರು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಇಲ್ಲಿಯೂ ಅದನ್ನೇ ಶುರು ಮಾಡಿದೆ. ರಾಗಿ ಡಬ್ಬ ಇಳಿಸಿದವರಿಗೆಲ್ಲ, “ನಿಮ್ಮ ತಾತನ ಹೆಸರೇನ್ರೀ? ಅವರಪ್ಪ ಯಾರು?” ಕೆಲವರು ಮುಖ ಗಂಟಿಕ್ಕಿದರು. ಒಬ್ಬರು ಹಿಟ್ಟು ಬಿಟ್ಟೇ ಹೋದರು.

ಒಂದು ಭಾನುವಾರ ಜಯಮ್ಮನವರ ಮಗ ಮುನಿರಾಜಣ್ಣ ಮೇಲೆ ಬಂದು, ಕೂರದೆ ಕೇಳಿದ: “ಬಸಣ್ಣ, ನೇರವಾಗಿ ಹೇಳ್ಬಿಡಿ. ಯಾವ ಲಾಯರ್ ಕಳ್ಸಿದ್ದು ನಿಮ್ನ?”

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹೊಲಗಳು ಸೈಟುಗಳಾದ ಈ ಊರುಗಳಲ್ಲಿ ವಂಶವೃಕ್ಷವೆಂದರೆ ಕಚೇರಿಯ ಕಾಗದ. ಅಣ್ಣತಮ್ಮಂದಿರ ಪಾಲಿನ ಜಗಳ ಶುರುವಾಗುವುದೇ ಅಲ್ಲಿಂದ. ಹೊರಗಿನಿಂದ ಬಂದವನೊಬ್ಬ ಮುತ್ತಾತನ ಹೆಸರು ಕೇಳಿದರೆ ಯಾವುದೋ ಸೈಟಿಗೆ ಕಣ್ಣು ಹಾಕಿದ್ದಾನೆಂದೇ ಅರ್ಥ. ಮನೆ ಖಾಲಿ ಮಾಡಿಸುವ ಮಾತೂ ಬಂತು. ಉಳಿಸಿದವರು ಜಯಮ್ಮನವರು. “ಇರ್ಲಿ ಬುಡೋ ಮುನಿರಾಜ, ಪೆದ್ದ ಅವ್ನು. ಪುಸ್ತಕ ಎತ್ತಿ ಮಡಗ್ಲಿ ಸಾಕು,” ಎಂದರು. ನೋಟ್‌ಬುಕ್ಕು ಟ್ರಂಕಿಗೆ ಹೋಯಿತು. ಅಂದಿನಿಂದ ಇಲ್ಲಿ ಯಾರ ಅಜ್ಜನ ಹೆಸರನ್ನೂ ನಾನು ಕೇಳಿಲ್ಲ.

ಹೀಗೆ ಒಂಬತ್ತು ವರ್ಷ ಕಳೆಯಿತು. ಮಗನಿಗೆ ಮದುವೆಯಾಗಿ, ಮೊಮ್ಮಗಳು ಅನ್ನಪೂರ್ಣ ಇಲ್ಲೇ ಹುಟ್ಟಿದಳು. ಈಚೆಗೆ ಊರಿಂದ ಚಿಕ್ಕಪ್ಪನ ಮಗ ಫೋನು ಮಾಡಿ, ನಮ್ಮ ಹೆಳವ ಯಲ್ಲಪ್ಪಜ್ಜ ಎರಡನೇ ಸಲವೂ ನಮ್ಮ ಮನೆಯ ಬೀಗ ನೋಡಿಕೊಂಡು ಹೋದನೆಂದು ಹೇಳಿದ. ಅಂದು ಊಟ ಸೇರಲಿಲ್ಲ. ಹೆಳವರು ಯಾರೆಂದು ನಿಮಗೆ ಹೇಳಬೇಕಿಲ್ಲ. ಆದರೆ ಈ ಬರಹ ಬೆಂಗಳೂರಿನವರ ಕೈಗೂ ಸಿಕ್ಕೀತು: ನಾಕೈದು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ನಮ್ಮ ಹಿರಿಯರ ಹೆಸರುಗಳನ್ನು ತಲೆತಲಾಂತರದಿಂದ ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುವವರು ಅವರು. ಯಲ್ಲಪ್ಪಜ್ಜನ ಕಟ್ಟಳೆ ಒಂದಿತ್ತು. ಮೂರು ಸಲ ಬೀಗ ಕಂಡ ಮನೆಯ ಹೆಸರಿಗೆ ಗೀಟು. ಆಮೇಲೆ ಆ ಮನೆಯನ್ನು ಓದುವುದಿಲ್ಲ.

ನಂಬರು ಹುಡುಕಿ ಫೋನು ಮಾಡಿದೆ. “ಅಜ್ಜಾ, ನನ್ನ ಗೀಟ ಹೊಡೀಬ್ಯಾಡ. ನಾ ಇನ್ನೂ ಅದೇನಿ.”

“ಎಲ್ಲಿ ಅದೀ ಹೇಳು. ಅಲ್ಲಿಗೇ ಬರ್ತೇನಿ,” ಎಂದ.

ಹೇಳಿದಂತೆ ಯಶವಂತಪುರದಲ್ಲಿ ಇಳಿದ. ಎತ್ತು ಇಲ್ಲ, ಬಗಲಲ್ಲಿ ಶಾಲೆಯ ಮಕ್ಕಳದಂಥ ಬ್ಯಾಗು, ಅದರೊಳಗೆ ಗಂಟೆ ಮತ್ತು ಪುಸ್ತಕ. ಎರಡು ಮಹಡಿ ಹತ್ತಲಾರೆನೆಂದು ಕಾರು ನಿಲ್ಲಿಸುವಲ್ಲೇ, ಜಯಮ್ಮನವರ ಹಸುವಿನ ಪಕ್ಕದಲ್ಲಿ ಕಂಬಳಿ ಹಾಸಿ ಕೂತ. ಗಂಟೆಯ ಸದ್ದಿಗೆ ಜಯಮ್ಮನವರೂ ಹೊರಗೆ ಬಂದರು. ಮುನಿರಾಜಣ್ಣನೂ ಬಾಗಿಲಲ್ಲಿ ಬಂದು ನಿಂತ. ಲಾಯರಿನ ಮಾತು ನೆನಪಾಗಿ ನಾನು ಅವನ ಕಣ್ಣು ತಪ್ಪಿಸಿದೆ.

ಮೊದಲು ಕಾಳು ಕೊಡಬೇಕು. ಅಂಗಡಿಯಿಂದ ತಂದ ಜೋಳವನ್ನು ಮೊರದಲ್ಲಿ ಇಟ್ಟೆ. ಅಜ್ಜ ಒಂದು ಕಾಳು ಬಾಯಿಗೆ ಹಾಕಿಕೊಂಡು, “ಇದು ಯಾರ ಹೊಲದ್ದು?” ಎಂದ. ಅಂಗಡಿಯದೆಂದು ಒಪ್ಪಿಕೊಂಡೆ. ಹೊಲದ ಕಾಳಿಲ್ಲದೆ ಅವನು ಪುಸ್ತಕ ಬಿಚ್ಚುವುದಿಲ್ಲ. ಜಯಮ್ಮನವರು ಏನೂ ಕೇಳದೆ ಒಳಗೆ ಹೋಗಿ ಮೊರದ ತುಂಬ ತಮ್ಮ ರಾಗಿ ತಂದಿಟ್ಟರು. “ಇದು ನಮ್ ವಲದ್ದೇ. ಓದಪ್ಪಾ ನೀನು.”

ಅಜ್ಜ ಓದಿದ. ನನ್ನಪ್ಪ ಈರಪ್ಪ, ಅವನಪ್ಪ ದೊಡ್ಡಬಸಪ್ಪ, ಹೀಗೆ ಮೇಲಕ್ಕೆ ಮೇಲಕ್ಕೆ. ಐದನೇ ತಲೆಮಾರಿಗೆ ಬಂದಾಗ ನಾನು ಏಳಲು ಹೋದೆ. ನಮ್ಮಪ್ಪ ಯಾವಾಗಲೂ ಅಲ್ಲಿಗೇ “ಸಾಕು ಬಿಡೋ, ಊಟಕ್ಕ ಏಳು” ಎನ್ನುತ್ತಿದ್ದ.

“ಕುಂದ್ರು. ನಿಮ್ಮಪ್ಪ ಎಂದರ ಪೂರಾ ಕೇಳ್ಯಾನೇನು?” ಎಂದು ಅಜ್ಜ ಮುಂದುವರಿಸಿದ: “ಏಳನೇವ ಗುರಪ್ಪ. ಎರಡ ಎತ್ತು, ಒಂದ ಕೂರಿಗಿ ತಗೊಂಡು ಹೊಳಿ ದಾಟಿ ಬಂದ. ಮ್ಯಾಲಿನ ಓಣಿ ಚೆಂದವ್ವನ ದನದ ಕೊಟ್ಟಿಗ್ಯಾಗ ಮೂರ ಮಳಿಗಾಲ ಇದ್ದ. ಆಕಿ ಜೋಳಾ ಉಂಡ.”

ನಾನು ದಂಗಾದೆ. ಆ ಊರಿನ ಮೂಲದವರೇ ನಾವೆಂದು ಎಷ್ಟು ಜಂಬ ಕೊಚ್ಚಿದ್ದೆ. ನಾವೂ ಯಾರದೋ ಕೊಟ್ಟಿಗೆಗೆ ಬಂದವರು. ಅವಳ ಮನೆತನ ಈಗ ಊರಲ್ಲಿ ಇಲ್ಲ, ಚೆಂದವ್ವನ ಹೆಸರು ಮಾತ್ರ ನಮ್ಮ ಪುಸ್ತಕದಲ್ಲಿ ಇದೆ.

“ವಲಸಿ ಹೋದವರ್ನ ಬರಿಯೂದ ಹಿಂಗ,” ಎಂದ ಅಜ್ಜ. “ಯಾವ ಊರು, ಯಾರ ಆಸರ. ಈಗ ಹೇಳು, ನಿನ್ನ ಎಲ್ಲಿ ಬರೀಲಿ? ಒಬ್ಬನ್ನ ಎರಡ ಊರಾಗ ಬರಿಯಾಕ ಬರೂದಿಲ್ಲ.”

ಊರಿನ ಪುಟದಲ್ಲಿ ಬರೆ ಎಂದರೆ ಅಲ್ಲಿ ಬೀಗ. ಇಲ್ಲಿ ಬರೆ ಎಂದರೆ, ಊರಿನ ಪಾಲಿಗೆ ನಾನು ಬಿಟ್ಟು ಹೋದವನಾದೆ. ನಿಮ್ಮೆಲ್ಲರ ಮುಖ ಕಣ್ಣೆದುರು ಬಂತು. ಶಾಂತವ್ವ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಕೂಸು ಹಸುವಿನ ಕಿವಿ ಹಿಡಿಯಲು ಕೈ ಚಾಚುತ್ತಿತ್ತು.

“ಸಿಂಗಾಪುರ,” ಎಂದೆ. “ಆಸರ, ಜಯಮ್ಮ.”

ಅಜ್ಜ ಮೊದಲು ಊರಿನ ಪುಟದಲ್ಲಿ ‘ಇಲ್ಲಿಂದ ಹೋದರು’ ಎಂದು ಬರೆದ. ಆಮೇಲೆ ಹೊಸ ಪುಟ ತೆರೆದು ನನ್ನ ಹೆಸರು, ಮಗನ ಹೆಸರು, ಅನ್ನಪೂರ್ಣಳ ಹೆಸರು ಬರೆದ. ಆಸರೆಯ ಹೆಸರು ಬರೆಯುವಾಗ ಜಯಮ್ಮನವರು ತಡೆದರು.

“ಬರೀ ಜಯಮ್ಮ ಅಂತ ಬರೀಬ್ಯಾಡಪ್ಪಾ. ಊರಲ್ಲಿ ಮೂರು ಜನ ಜಯಮ್ಮ ಅವ್ರೆ.”

“ಮತ್ತ ಯಾರ ಜಯಮ್ಮ ಅಂತ ಬರೀಲಿ ತಾಯಿ?”

ಅವರು ಮಗನ ಕಡೆ ನೋಡಿದರು. ಮುನಿರಾಜಣ್ಣ ಬಾಗಿಲು ಬಿಟ್ಟು ಹತ್ತಿರ ಬಂದು, “ಹೇಳಮ್ಮ,” ಎಂದ.

“ಚಿಕ್ಕಮುನಿಯಪ್ಪನ ಎಂಡ್ತಿ. ನಮ್ ಮಾವ ಪಿಳ್ಳಪ್ಪ. ಅತ್ತೆ ಅನುಮಕ್ಕ. ಮಾವನ ಅಪ್ಪ...” ಎಂದು ನಿಲ್ಲಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. “ಅವ್ರ ಎಸ್ರು ಗೊತ್ತಿಲ್ಲ ಕಣಪ್ಪಾ. ಕೇಳಿರೋರು ಯಾರೂ ಉಳ್ದಿಲ್ಲ. ಸಮಾಧಿ ಇತ್ತು, ಅದೂ ಲೇಔಟಲ್ಲಿ ಓಯ್ತು.”

ಈ ನೆಲ ಬಿಟ್ಟು ಎಲ್ಲಿಗೂ ಹೋಗದ ಅವರಿಗೆ ಮೂರನೇ ಹೆಸರು ಸಿಗಲಿಲ್ಲ, ಬೀಗ ಹಾಕಿ ಬಂದ ನನಗೆ ಏಳು ಸಿಕ್ಕವು. ನನಗೆ ಸಂಕಟವಾಯಿತು. ಅಜ್ಜ ಮಾತ್ರ ಅವಸರ ಮಾಡದೆ ಅವರು ಹೇಳಿದ ಅಷ್ಟೂ ಹೆಸರುಗಳನ್ನು ಬರೆದು, ಗಂಟೆ ಬಾರಿಸಿ, ಗಟ್ಟಿಯಾಗಿ ಓದಿದ. ನಮ್ಮ ಮನೆಯನ್ನು ಓದಿದಾಗಲೆಲ್ಲ ಇವರ ಮನೆಯನ್ನೂ ಓದಲೇಬೇಕು, ತಪ್ಪಿಸಲು ಬರುವುದಿಲ್ಲವೆಂದು ಹೇಳಿದ.

ಜಯಮ್ಮನವರು ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು. “ಇನ್ನೊಂದ್ ಸಲ ಓದಪ್ಪಾ,” ಎಂದರು.

ಅಜ್ಜ ಮೊದಲಿನಿಂದ ಓದಿದ. ನಮ್ಮೂರಿನ ಹೆಸರು ಬಂದಲ್ಲಿ ನಾನು ಅವನ ಜೊತೆ ದನಿಗೂಡಿಸಿದೆ, ಪಿಳ್ಳಪ್ಪ ಎಂದಲ್ಲಿ ಜಯಮ್ಮನವರು.