ಮುಂಚೆಯೇ ಕೊಟ್ಟ ಕೋಳಿ

ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದು ಬಚ್ಚಲುಮನೆಯಲ್ಲಿ. ಸೋಪು ಜಾರುತ್ತಿದ್ದ ಕಡೆ ಬೆರಳು ನಿಂತುಬಿಟ್ಟಿತು. ಅವರೆಕಾಳಿನಷ್ಟು ದಪ್ಪ, ಒತ್ತಿದರೆ ನೋವೂ ಇಲ್ಲ. ನೋವಿದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಸುಮ್ಮನೆ ಕೂತಿದ್ದ ಆ ಕಾಳನ್ನು ಮುಟ್ಟಿದಾಗ ಬಿಸಿನೀರು ಸುರಿಯುತ್ತಿದ್ದರೂ ನನ್ನ ಕೈಕಾಲು ತಣ್ಣಗಾದವು.

ನಮ್ಮ ಮನೆ ಹರಿಹರದಲ್ಲಿ. ನಾನು ಕೆಲಸ ಮಾಡುವುದು ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನ ಆಫೀಸಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಆ ಶುಕ್ರವಾರ ಅರ್ಧ ದಿನ ರಜೆ ಹಾಕಿ, ಅಲ್ಲಿಯೇ ಒಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

"ಬುಧವಾರ ಬರ್ರಿ, ರಿಪೋರ್ಟ್ ಬಂದಿರ್ತೈತೆ. ಅಲ್ಲಿ ತನಕ ತಲೆಗೆ ಹಚ್ಕೋಬ್ಯಾಡ್ರಿ" ಎಂದರು.

ಡಾಕ್ಟರು ತಲೆಗೆ ಹಚ್ಚಿಕೊಳ್ಳಬೇಡಿ ಎಂದರೆ ಹಚ್ಚಿಕೊಳ್ಳುವಂಥದ್ದು ಏನೋ ಇದೆ ಎಂದೇ ನನ್ನ ಲೆಕ್ಕ. ಮನೆಯಲ್ಲಿ ನಮ್ಮ ಮನೆಯವರಿಗೂ ಅತ್ತೆಗೂ ಮಾತ್ರ ಹೇಳಿದೆ. ಮಗಳು ಹತ್ತನೇ ಕ್ಲಾಸು, ಅವಳಿಗೆ ಹೇಳಲಿಲ್ಲ. ಅವಳು ಜಡೆ ಹೆಣೆಸಿಕೊಳ್ಳಲು ಮುಂದೆ ಬಂದು ಕೂತಾಗ, ಮುಂದಿನ ವರ್ಷ ಇವಳಿಗೆ ಜಡೆ ಹಾಕುವವರು ಯಾರು ಎಂಬ ಯೋಚನೆ ಬಂದು, ನೆಟ್ಟಗೆ ಕೂರಬಾರದೇನೇ ಎಂದು ರೇಗಿದೆ. ಮೊದಲೇ ನಾನು ಹೆದರುಪುಕ್ಕಲಿ. ಅದನ್ನು ಮುಚ್ಚಿಡಲು ಎಲ್ಲರ ಮೇಲೂ ರೇಗುತ್ತೇನೆ.

ಅತ್ತೆ ಹಾಗಲ್ಲ. ಅವರ ಬಾಯಲ್ಲಿ ಸದಾ ಒಂದೇ ಮಾತು, ದೇವರಿಗೆ ಕೃತಜ್ಞತೆ ಹೇಳುವ ನಮ್ಮ ಚರ್ಚಿನ ಮಾತು, ಸ್ತೋತ್ರ. ಸಿಲಿಂಡರ್ ಬಂದರೆ ಸ್ತೋತ್ರ, ಹೋದ ಕರೆಂಟು ಬಂದರೆ ಸ್ತೋತ್ರ, ನಿನ್ನೆಯ ಹಾಲು ಒಡೆಯದೆ ಉಕ್ಕಿದರೂ ಸ್ತೋತ್ರ. "ದೇವರಿಗೂ ಒಂದಿಷ್ಟು ಪುರುಸೊತ್ತು ಕೊಡ್ರಿ ಅತ್ತೆ" ಎಂದು ನಾನು ಚುಡಾಯಿಸುತ್ತಿದ್ದೆ. ಆದರೆ ಗಂಟಿನ ವಿಷಯ ಕೇಳಿದ ದಿನ ಅವರು ಸ್ತೋತ್ರವನ್ನೂ ಹೇಳಲಿಲ್ಲ, ಅಳಲೂ ಇಲ್ಲ. ಹಿತ್ತಲಿಗೆ ಹೋಗಿ ಕೋಳಿಗಳಿಗೆ ನುಚ್ಚು ಹಾಕುತ್ತ ಬಹಳ ಹೊತ್ತು ನಿಂತರು.

ಆ ಭಾನುವಾರ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಬೆಳೆದದ್ದರಲ್ಲಿ, ಸಾಕಿದ್ದರಲ್ಲಿ ಏನಾದರೂ ತಂದು ದೇವರ ಮುಂದೆ ಇಡುವುದು ಪದ್ಧತಿ. ಆರಾಧನೆ ಮುಗಿದ ಮೇಲೆ ಅವನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಸುಮ್ಮನೆ ಇಟ್ಟು ಬರುವಂತಿಲ್ಲ, ಯಾತಕ್ಕೆ ಸ್ತೋತ್ರ ಎಂದು ಎಲ್ಲರೆದುರು ಒಂದು ಮಾತು ಹೇಳಬೇಕು. ಕೊಕ್ಕನೂರಿನ ಒಂದು ಕುಟುಂಬ ಭತ್ತದ ತೆನೆಯ ಕಟ್ಟು ಇಟ್ಟು, ಬೋರಿನಲ್ಲಿ ನೀರು ಬತ್ತದೆ ಉಳಿದಿದ್ದಕ್ಕೆ ಎಂದಿತು. ಯಾರೋ ಬಾಳೆಗೊನೆ ಇಟ್ಟರು, ಮೊಮ್ಮಗ ಹುಟ್ಟಿದ್ದಕ್ಕೆ. ನಾನು ಎಂದಿನಂತೆ ಎರಡು ತೆಂಗಿನಕಾಯಿ ಇಟ್ಟು, ವರ್ಷವೆಲ್ಲ ಕಾಪಾಡಿದ್ದಕ್ಕೆ ಎಂದು ಗೊಣಗಿ ಬಂದು ಕೂತೆ. ನನ್ನ ಹಿಂದೆಯೇ ಅತ್ತೆ ಹೋದರು. ಕೈಯಲ್ಲಿ ಕಾಲು ಕಟ್ಟಿದ ಕೆಂಪು ಕೋಳಿ.

"ನನ್ನ ಸೊಸೆಗೆ ಎದ್ಯಾಗೆ ಗಂಟು ಬಂದಿತ್ರಿ ಅಯ್ಯಾರೆ. ದೇವರು ಏನೂ ಇಲ್ದಂಗೆ ಮಾಡ್ಯಾನೆ. ಅದಕ್ಕೆ ಈ ಕೋಳಿ" ಎಂದರು, ಇಡೀ ಸಭೆಗೆ ಕೇಳುವ ಹಾಗೆ.

ಅಯ್ಯಾರು, ನಮ್ಮ ಚರ್ಚಿನ ಸಭಾಪಾಲಕರು, ಕೈಯೆತ್ತಿ ಸ್ತೋತ್ರ ಎಂದರು. ಸಭೆಯೆಲ್ಲ ಸ್ತೋತ್ರ ಎಂದಿತು. ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಪುಣ್ಯಕ್ಕೆ ಮಗಳು ಟ್ಯೂಷನ್ನಿಗೆ ಹೋಗಿದ್ದಳು, ಚರ್ಚಿಗೆ ಬಂದಿರಲಿಲ್ಲ. ರಿಪೋರ್ಟ್ ಬರುವುದು ಬುಧವಾರ, ಇವತ್ತಿನ್ನೂ ಭಾನುವಾರ. ಹರಾಜಿನ ಹೊತ್ತಿಗೆ ಹೆಂಗಸರೆಲ್ಲ ಬಂದು ನನ್ನ ಕೈ ಹಿಡಿದು, ಗಂಡಾಂತರ ಕಳೀತು ಬಿಡು ಎಂದರು. ನಾನು ಹೂಂ ಎಂದೆ. ಬೇರೇನು ಹೇಳಲಿ, ನಮ್ಮತ್ತೆ ಸುಳ್ಳು ಹೇಳಿದರು ಎನ್ನಲೆ? ಕೋಳಿಯನ್ನು ಯಾರೋ ಹರಾಜಿನಲ್ಲಿ ಕೂಗಿ ಕೊಂಡರು, ಸ್ಕೂಟರಿಗೆ ನೇತುಹಾಕಿಕೊಂಡು ಹೋದರು.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದಂಗಾತು ಅತ್ತೆ ನಿಮ್ದು. ರಿಪೋರ್ಟ್ ಬೇರೆ ಥರ ಬಂದ್ರೆ ಯಾರ ಮುಖ ನೋಡ್ತೀರಿ?"

ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. "ಹೇಳಿದ್ದು ಹೇಳಿಯಾತು ಬಿಡು" ಎಂದರು ಅಷ್ಟೆ.

ಅಲ್ಲಿಯವರೆಗೆ ನನ್ನ ಹೆದರಿಕೆ ಗಂಟಿನದ್ದಾಗಿತ್ತು. ಈಗ ದೇವರದ್ದೂ ಸೇರಿಕೊಂಡಿತು. ಕೊಡುವ ಮೊದಲೇ ಕೊಟ್ಟಾಯಿತು ಎಂದು ಊರಿಗೆಲ್ಲ ಸಾರಿದರೆ ಯಾರಿಗಾದರೂ ಸಿಟ್ಟು ಬರುವುದಿಲ್ಲವೆ? 'ನನ್ನನ್ನು ಕೇಳದೆಯೇ ಮುಗಿಸಿಬಿಟ್ಟಿರಾ, ಆಗಲಿ ನೋಡೋಣ' ಎಂದು ಅವನು ಅಂದುಕೊಂಡಿದ್ದರೆ? ಇದು ನಮ್ಮ ವಿಶ್ವಾಸದ ಮಾತಲ್ಲ ಎಂದು ನನಗೂ ಗೊತ್ತು. ಆದರೂ ಆಫೀಸಿನಲ್ಲಿ ಹುಡುಗರ ಅರ್ಜಿಗಳಿಗೆ ಸೀಲು ಒತ್ತುವಾಗ ಎದೆ ಡವಡವ ಎನ್ನುತ್ತಿತ್ತು. ಬಸ್ಸಿನಲ್ಲಿ ಕಣ್ಣು ಮುಚ್ಚಿ, ಅತ್ತೆಗೆ ವಯಸ್ಸಾಗಿದೆ, ತಪ್ಪು ಹಿಡಿಯಬೇಡಪ್ಪ ಎಂದು ಬೇಡಿಕೊಂಡೆ. ಗುಣ ಮಾಡು ಎಂದು ಕೇಳಲು ಮಾತ್ರ ಬಾಯಿ ಬರಲಿಲ್ಲ. ಅದಕ್ಕೆ ಸ್ತೋತ್ರ ಆಗಲೇ ಸಲ್ಲಿಸಿಬಿಟ್ಟಿದ್ದೆವಲ್ಲ.

ಬುಧವಾರ ನಮ್ಮ ಮನೆಯವರೂ ಜೊತೆಗೆ ಬಂದರು. ಡಾಕ್ಟರು ಮೊದಲು ಅವರನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಆಗಲೇ ಗೊತ್ತಾಯಿತು.

"ಕ್ಯಾನ್ಸರ್ ಐತ್ರಿ. ಆದ್ರೆ ಲಗೂನ ಸಿಕ್ಕೈತೆ. ಆಪರೇಷನ್ ಮಾಡಾಣ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಗಳ ಮುಖ ನೆನಪಾದರೆ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ಕೋಳಿಯನ್ನು ನೆನೆಸಿಕೊಂಡೆ, ಅತ್ತೆಯ ಮೇಲೆ ಸಿಟ್ಟು ಮಾಡಿಕೊಂಡೆ. ಹೆದರುವುದಕ್ಕಿಂತ ಸಿಟ್ಟು ಸುಲಭ.

ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ನನ್ನ ಮುಖ ನೋಡಿ ಏನೂ ಕೇಳದೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. ನಾನು ಕೂರಲಿಲ್ಲ.

"ಈಗ ಏನ್ ಮಾಡ್ತೀರಿ? ಕೋಳಿ ವಾಪಸ್ ಇಸ್ಕೊಂಡು ಬರ್ತೀರೇನು?" ಎಂದೆ.

"ನೀನು ಈ ಮನೆಗೆ ಬರೋಕೆ ಮುಂಚೆ, ನಿಮ್ಮ ಮಾವಾರು ಆಸ್ಪತ್ರ್ಯಾಗೆ ಇದ್ದಾಗ ಕೋಳಿ ಹರಕೆ ಹೊತ್ತಿದ್ದೆ. ಮನೆಗೆ ಬಂದ ಮ್ಯಾಲೆ ಸ್ತೋತ್ರ ಹೇಳಿ ಕೊಡ್ತೀನಿ ಅಂತ" ಎಂದರು ಅತ್ತೆ. "ಅವರು ಬರ್ಲಿಲ್ಲ. ಕೋಳಿ ಉಳೀತು. ಕೊಯ್ಯಾಕೂ ಆಗ್ಲಿಲ್ಲ, ಕೊಡಾಕೂ ಆಗ್ಲಿಲ್ಲ. ಅದು ಕಣ್ಣ ಮುಂದೆ ಓಡ್ಯಾಡಿದಾಗೆಲ್ಲ ದೇವರ ಮ್ಯಾಲೆ ಕೆಟ್ಟ ಸಿಟ್ಟು. ಚರ್ಚ್‌ನ್ಯಾಗೆ ಎಲ್ರೂ ಹಾಡಿದ್ರೆ ನಾನು ಬಾಯಿ ಮುಚ್ಕೊಂಡು ಕೂತಿರ್ತಿದ್ದೆ. ವರ್ಷಗಟ್ಲೆ ನಾಲಿಗೆ ಮ್ಯಾಲೆ ಸ್ತೋತ್ರ ಅನ್ನೋದು ಬರ್ಲಿಲ್ಲ. ಯಾರಿಗೂ ಹೇಳಿಲ್ಲ ಇದನ್ನ."

ನಾನು ನಿಂತೇ ಇದ್ದೆ.

"ನಿನ್ನ ಗಂಟಿನ ಸುದ್ದಿ ಕೇಳಿದಾಗ ಅದೇ ಹೆದರಿಕಿ ಆತು. ಸುದ್ದಿ ಕೆಟ್ಟದು ಬಂದ್ರೆ ಮತ್ತೆ ನಾಲಿಗೆ ಬಿದ್ದು ಹೋಗ್ತೈತೆ. ನಾಲಿಗೆ ಇರೋವಾಗ್ಲೇ ಹೇಳಿಬಿಡಾಣ ಅಂತ ಹೇಳಿದೆ. ಸುಳ್ಳಾತು, ಏನ್ ಮಾಡ್ಲಿ. ನೀನಿಲ್ದಂಗಾದ್ರೆ ನಾನು ಯಾವ ದೇವರ ಕಡೆ ಹೋಗ್ಲವ್ವ?"

ನಾನು ಅವರ ಪಕ್ಕದಲ್ಲಿ ಕುಸಿದು ಕೂತೆ. ಇಷ್ಟು ವರ್ಷ ನಾನು ಚುಡಾಯಿಸಿದ ಸ್ತೋತ್ರಗಳೆಲ್ಲ ಹೆದರಿದ ಹೆಂಗಸಿನವು ಎಂದು ನನಗೆ ಹೊಳೆದೇ ಇರಲಿಲ್ಲ. ಸಿಲಿಂಡರಿಗೂ ಹಾಲಿಗೂ ಹೇಳಿ ಹೇಳಿ, ನಾಲಿಗೆ ಇನ್ನೂ ಇದೆಯೇ ಎಂದು ಅವರು ನೋಡಿಕೊಳ್ಳುತ್ತಿದ್ದರು. ನಾವಿಬ್ಬರೂ ಅತ್ತೆವು. ಟ್ಯೂಷನ್ನಿನಿಂದ ಬಂದ ಮಗಳು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಮ್ಮನ್ನು ನೋಡುತ್ತ ನಿಂತಳು. ಅವಳಿಗೂ ಹೇಳಲೇಬೇಕಾಯಿತು.

ಆಪರೇಷನ್ ದಿನ ತಳ್ಳುವ ಮಂಚದ ಪಕ್ಕದಲ್ಲಿ ಅತ್ತೆ ಥಿಯೇಟರ್ ಬಾಗಿಲವರೆಗೂ ನಡೆದು ಬಂದರು. ಪ್ರಾರ್ಥನೆ ಮಾಡ್ರಿ ಎಂದೆ. ಅವರು ನನ್ನ ಹಣೆಯ ಮೇಲೆ ಕೈಯಿಟ್ಟರು. ತುಟಿ ಅಲುಗಿತು, ಮಾತು ಹೊರಡಲಿಲ್ಲ.

"ಬರವಲ್ದು ಕಣವ್ವ" ಎಂದರು.

"ಹೋಗ್ಲಿ ಬಿಡ್ರಿ, ಇವತ್ತು ನಾನು ಹೇಳ್ತೀನಿ" ಎಂದೆ. ಯಾವುದಕ್ಕೆ ಎಂದು ನನಗೂ ತಿಳಿದಿರಲಿಲ್ಲ. ಸ್ತೋತ್ರ ಸ್ವಾಮಿ, ಸ್ತೋತ್ರ ಸ್ವಾಮಿ ಎನ್ನುತ್ತಲೇ ಒಳಗೆ ಹೋದೆ. ಭಕ್ತಿ ಎಷ್ಟಿತ್ತೋ ಕಾಣೆ, ಭಯವಂತೂ ತುಂಬಿಕೊಂಡಿತ್ತು.

ಗಂಟು ತೆಗೆದರು. ಔಷಧಿಗೆ ಕೂದಲು ಉದುರಿತು, ಮತ್ತೆ ಬಂತು. ಮಗಳ ಜಡೆ ಈಗಲೂ ನಾನೇ ಹಾಕುತ್ತೇನೆ. ಆದರೆ ಆಗಾಗ ಪರೀಕ್ಷೆಗೆ ಹೋಗಬೇಕು, ರಿಪೋರ್ಟಿಗೆ ಕಾಯಬೇಕು, ಪ್ರತಿ ಸಲವೂ ಕೈಕಾಲು ತಣ್ಣಗಾಗುತ್ತವೆ.

ಮುಂದಿನ ಸುಗ್ಗಿ ಹಬ್ಬಕ್ಕೆ ಕೋಳಿ ಹಿಡಿದುಕೊಂಡು ಹೋದವಳು ನಾನು. ಆ ವಾರವೂ ಒಂದು ಪರೀಕ್ಷೆಯಾಗಿತ್ತು, ಚರ್ಚಿನಲ್ಲೂ ಎಲ್ಲರಿಗೂ ಗೊತ್ತಿತ್ತು. ಅತ್ತೆ ಬೆಂಚಿನಲ್ಲಿ ಕೂತು ಸೆರಗಿನ ತುದಿ ಹಿಂಡುತ್ತಿದ್ದರು. ಸಭಾಪಾಲಕರು, ಪಾಪ, ಹೋದ ವರ್ಷದ್ದನ್ನು ನೆನೆದೋ ಏನೋ, ದನಿ ತಗ್ಗಿಸಿ ಕೇಳಿದರು.

"ಯಾತಕ್ಕವ್ವ ಸ್ತೋತ್ರ? ರಿಪೋರ್ಟ್ ಬಂತೇನು?"

"ಇಲ್ರಿ ಅಯ್ಯಾರೆ, ಬುಧವಾರ ಬರ್ತೈತೆ" ಎಂದೆ, ಇಡೀ ಸಭೆಗೆ ಕೇಳುವ ಹಾಗೆ. "ಅದಕ್ಕೆ ಮುಂಚೆ ಹೇಳಿಬಿಡಾಣ ಅಂತ ಬಂದೆ."

ಕೋಳಿಯನ್ನು ಕೆಳಗಿಡಲು ಬಾಗಿದೆ. ಅದರ ಎದೆ ನನ್ನ ಅಂಗೈಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು. ಹಿಂದಿನ ಬೆಂಚಿನಿಂದ, ಎಲ್ಲರಿಗಿಂತ ಮೊದಲು, ಅತ್ತೆ ಸ್ತೋತ್ರ ಎಂದರು.