ರಟ್ಟಿನ ಜಿಂಕೆ

ಅವರ ಬಲಗಡೆಯ ಕೋರೆಹಲ್ಲಿಗೆ ಉಕ್ಕಿನ ಬಣ್ಣದ ಕ್ಯಾಪ್ ಹಾಕಿಸಿದ್ದರು. ನಗುವಾಗ ಅದು ಕಾಣುತ್ತಿರಲಿಲ್ಲ. ನಗು ಅಷ್ಟು ದೂರ ಬರುತ್ತಲೇ ಇರಲಿಲ್ಲ. ಬೈಯಲು ಬಾಯಿ ತೆರೆದಾಗ ಮಾತ್ರ ಮೇಲ್ದುಟಿ ಒಂದು ಕಡೆ ಎದ್ದು ಹಲ್ಲು ಮಿಂಚುತ್ತಿತ್ತು. ಹಿಲ್ಸ್‌ಬರೋ ಎಂಬ ಪರದೇಶದ ಊರಿನಲ್ಲಿ ಹತ್ತು ವರ್ಷ ಅವರ ಪಕ್ಕದ ಮನೆಯಲ್ಲಿದ್ದೆ. ನಾನು ಆ ಹಲ್ಲನ್ನು ನೋಡಿದಷ್ಟು ಸಲ ಅವರ ಹಲ್ಲಿನ ಡಾಕ್ಟರೂ ನೋಡಿರಲಾರರು.

ಅವರು ಧಾರವಾಡದ ಕಡೆಯವರು. ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಮೊಟ್ಟೆ ಬೆರೆಸಿದ ಕೇಕನ್ನೂ ಮುಟ್ಟದ ಸಸ್ಯಾಹಾರಿ. ನಾನು ಮೈಸೂರಿನ ಸಾಬರ ಹುಡುಗ, ಮಾನ್ಮತ್ ಜಂಕ್ಷನ್ನಿನ ಔಷಧ ಕಂಪನಿಯಲ್ಲಿ ಕೆಲಸ, ಎಲೆ ಕೆಂಪಾಗುವ ಕಾಲ ಬಂತೆಂದರೆ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೊರಡುವವನು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಅಂಕಲ್ ಎಂದೇ ಕರೆಯುತ್ತಿದ್ದೆ. ಹಾಗೆ ಕರೆಯುವಾಗ ದನಿಯಲ್ಲಿ ಮರ್ಯಾದೆ ಇತ್ತೆಂದು ಮಾತ್ರ ಆಣೆ ಮಾಡಲಾರೆ.

ಜಗಳ ಶುರುವಾದದ್ದು ಒಂದು ಅಕ್ಟೋಬರಿನಲ್ಲಿ. ಹೊಟ್ಟೆಗೆ ಬಾಣ ನೆಟ್ಟುಕೊಂಡ ಹೆಣ್ಣು ಜಿಂಕೆಯೊಂದು ಬೆಳಿಗ್ಗೆ ಅವರ ಹಿತ್ತಲಿಗೆ ಬಂದು ಅವರೆ ಚಪ್ಪರದ ಕೆಳಗೆ ಬಿದ್ದುಕೊಂಡಿತು. ಯಾರನ್ನು ಕರೆಯಬೇಕೆಂದು ಅವರಿಗೆ ತೋಚಲಿಲ್ಲವಂತೆ. ಕುರ್ಚಿ ಹಾಕಿಕೊಂಡು ಎದುರಿಗೇ ಕೂತುಬಿಟ್ಟರು. ಅದು ಸಾಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ನಾನು ಆಫೀಸಿನಿಂದ ಬಂದು ಕಾರಿನಿಂದ ಇಳಿಯುವ ಮೊದಲೇ ಹಲ್ಲು ಕಾಣಿಸಿತು.

"ಬರ್ರಿ, ಬಂದು ನಿಮ್ಮ ಪರಾಕ್ರಮಾ ನೋಡ್ರಿ. ಮುಂಜಾನಿಂದ ಒದ್ದಾಡಿ ಒದ್ದಾಡಿ ಈಗ ಸತ್ತದ."

ಸಿಟ್ಟು ಬಂದಾಗ ಅವರು ಬಹುವಚನಕ್ಕೆ ಏರುತ್ತಿದ್ದರು. ನಾನು ಹೋಗಿ ನೋಡಿದೆ. ಬಾಣದ ಗರಿ ಕಿತ್ತಳೆ ಬಣ್ಣದ್ದು.

"ಅಂಕಲ್, ಇದು ನಂದಲ್ಲ. ನನ್ ಬಾಣಕ್ಕೆಲ್ಲ ಹಸಿರು ಗರಿ ಇರೋದು. ಈ ವಾರ ನಾನು ಬಿಲ್ಲು ಹೊರಗೇ ತೆಗೆದಿಲ್ಲ."

"ಗರಿ ಯಾವ ಬಣ್ಣದ್ದರ ಇರವಲ್ದ್ಯಾಕ. ನಿಮ್ಮ ಮಂದಿಗೆ ರಕ್ತಾ ಅಂದ್ರ ನೀರಿದ್ದಂಗ."

ನನಗೆ ಮೈಯೆಲ್ಲ ಉರಿದುಹೋಯಿತು. "ನಾವು ಬಿಸ್ಮಿಲ್ಲಾ ಅಂತ ಹೇಳಿ ಬಾಣ ಬಿಡೋರು ಅಂಕಲ್. ಪ್ರಾಣಿನ ನರಳಿಸಿದ್ರೆ ನಮ್ಮಲ್ಲಿ ಪಾಪ. ಇದನ್ನ ಹೊಡೆದೋನ ಜಾತಿ ಬಾಣದ ಮೇಲೆ ಬರೆದಿದ್ಯಾ? ಓದಿ ಹೇಳಿ, ನೋಡೋಣ."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ನಾನು ಬೇಟೆಯಾಡುತ್ತಿದ್ದದ್ದು ಊರಂಚಿನ ಒಬ್ಬ ರೈತನ ಜಮೀನಿನಲ್ಲಿ. ಜೋಳ ತಿನ್ನುವ ಜಿಂಕೆಗಳು ಕಡಿಮೆಯಾದರೆ ಸಾಕೆಂದು ಆತ ಒಪ್ಪಿದ್ದ. ತರಕಾರಿ ಕೊಳ್ಳಲು ಅವನಲ್ಲಿಗೆ ಹೋಗುತ್ತಿದ್ದ ಅಂಕಲ್, ನನ್ನ ಗುರಿ ನೆಟ್ಟಗಿಲ್ಲ, ಗಾಯಗೊಂಡ ಜಿಂಕೆಗಳು ಜನರ ಮನೆಗಳಿಗೆ ನುಗ್ಗುತ್ತಿವೆ ಎಂದು ಕಿವಿ ಊದಿ ಬಂದರು. ಆ ವಾರವೇ ರೈತ ಫೋನ್ ಮಾಡಿ, ನಿನ್ನ ನೆರೆಯ ಹಿರಿಯರು ಸರಿ ಎಂದ ಮೇಲೆ ಬಾ, ಅಲ್ಲಿಯ ತನಕ ಬೇಡ ಎಂದ. ಆ ಭಾಗದಲ್ಲಿ ನನಗೆ ಜಾಗ ಕೊಡುವ ಇನ್ನೊಬ್ಬ ಪುಣ್ಯಾತ್ಮ ಇರಲಿಲ್ಲ. ವರ್ಷವಿಡೀ ಕಾದಿದ್ದ ಬೇಟೆ ಹೋಯಿತು.

ಜಗಳ ಕಾಯಲೆಂದೇ ಅವರ ಗ್ಯಾರೇಜಿಗೆ ನುಗ್ಗಿದೆ. ಅವರು ನೆಲದ ಮೇಲೆ ಕೂತು ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಳೆ ಕತ್ತರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ಬ್ಯಾಡಂದ್ರ ನೀವು ಬಿಡೂ ಪೈಕಿ ಅಲ್ಲ. ಇಲ್ಲಿ ತಪ್ಪಿಸಿದ್ರ ಮತ್ತೊಂದ ಕಡೆ ಹೋಗಿ ಹೊಡೀತೀರಿ. ಕೊಲ್ಲೂದ ಇದ್ರ ನೆಟ್ಟಗ ಕೊಲ್ಲೂದು ಕಲೀರಿ. ಆ ತುದಿ ಹಿಡಕೋ."

ಕೆಲಸ ಶುರುವಾದ ಕೂಡಲೇ ಏಕವಚನ. ಬೈದು ಹೋಗಲು ಬಂದವನು ತುದಿ ಹಿಡಿದುಕೊಂಡೆ. ಯಾಕೆ ಹಿಡಿದೆನೋ ಗೊತ್ತಿಲ್ಲ.

ನೂರಾರು ಹಾಳೆಗಳನ್ನು ಪುಸ್ತಕದ ಹಾಗೆ ಒಂದರ ಮೇಲೊಂದು ಜೋಡಿಸಿ, ಲಾರಿಯಲ್ಲಿ ಸಾಮಾನು ಬಿಗಿಯುವ ಪಟ್ಟಿಗಳಿಂದ ಎಳೆದು ಕಟ್ಟಿದರು. ಬಾಣ ಹಾಳೆಗಳ ಅಂಚಿನ ನಡುವೆ ನುಗ್ಗಿ ಆ ಬಿಗಿತಕ್ಕೇ ನಿಲ್ಲಬೇಕು. ಅದು ನನ್ನ ಗುರಿಯ ಅಭ್ಯಾಸಕ್ಕೆಂದು ಅವರು ಮಾಡುತ್ತಿದ್ದ ರಟ್ಟಿನ ಜಿಂಕೆಯ ಎದೆ ಮತ್ತು ಹೊಟ್ಟೆ. ಕುತ್ತಿಗೆಗೆ ಬಾಸ್ಮತಿ ಅಕ್ಕಿಯ ಚೀಲ, ಅದರೊಳಗೆ ತುರುಕಲು ಹಳೆ ಬಟ್ಟೆ. "ಕೊಲ್ಲಾಕ ನಮ್ಮನಿ ಬಟ್ಟಿ ಕೊಡೂದಿಲ್ಲ, ನಿಮ್ಮನೀವು ತಾ" ಎಂದರು. ನನ್ನ ಹೆಂಡತಿ ಒಂದು ಮೂಟೆ ಕೊಟ್ಟಳು. ಜಿಪ್ಪು, ಗುಂಡಿ ಬಿಚ್ಚಿ ತೆಗೆದಿಲ್ಲ, ಬಾಣ ಹಾಳಾಗುತ್ತದೆ ಎಂದು ಮೂಟೆ ವಾಪಸ್ಸು ಬಂತು. ಅವಳು ಬಿಚ್ಚುತ್ತಾ ಅವರ ವಂಶವನ್ನೆಲ್ಲ ನೆನೆದಳು. ಪ್ಲೈವುಡ್ಡಿನ ಕಾಲು, ಪ್ಲೈವುಡ್ಡಿನ ತಲೆ, ಮೈಮೇಲೆ ಹರಿದ ಕಂದು ಕಾರ್ಪೆಟ್. ನಮ್ಮ ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಬೆನ್ನು ಕೊಟ್ಟು ನಿಲ್ಲಿಸಿದಾಗ ಅದು ಜಿಂಕೆಗಿಂತ ಹೆಚ್ಚಾಗಿ ಕರುವಿನ ಹಾಗೆ ಕಂಡಿತು. ಹಾಗೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮುಂಗಾಲಿನ ಹಿಂದೆ, ಶ್ವಾಸಕೋಶ ಇರುವ ಜಾಗದಲ್ಲಿ, ನಾನು ಬಿಳಿ ಬಣ್ಣದ ಗುರುತು ಹಾಕಿದೆ. ಮಾರನೆಯ ದಿನ ಅಲ್ಲಿ ಕಂದು ಬಣ್ಣ ಬಳಿದಿತ್ತು.

"ಜಿಂಕಿ ಏನ್ ಬೊಟ್ಟ ಇಟ್ಕೊಂಡ್ ಬರ್ತದೇನು? ಕಾಲ ನೋಡು, ಹೆಗಲ ನೋಡು, ಒಳಗ ಏನದ ವಿಚಾರ ಮಾಡು. ಆಮ್ಯಾಲ ಬಿಡು."

ಚಳಿಗಾಲ, ವಸಂತ, ಬೇಸಿಗೆ ಇದೇ ನಡೆಯಿತು. ಅವರೇನೂ ಬಿಲ್ಲುಗಾರರಲ್ಲ, ಜನ್ಮದಲ್ಲಿ ಬಿಲ್ಲು ಮುಟ್ಟಿದವರಲ್ಲ. ಬಾಣ ಎಲ್ಲಿ ನೆಟ್ಟಿತೆಂದು ನೋಡುವುದು, ಬೈಯುವುದು, ಎರಡೇ ಅವರ ಕೆಲಸ. ನಾನು ಬಿಸ್ಮಿಲ್ಲಾ ಎಂದು ಪಿಸುಗುಟ್ಟಿದರೆ, "ದೇವರಿಗೆ ಹೇಳಿದ್ದಾತು, ಈಗ ಕೈಗೂ ಹೇಳು" ಎನ್ನುತ್ತಿದ್ದರು. ಹೊಟ್ಟೆಯ ಕಡೆ ಬಾಣ ಬಿದ್ದ ದಿನ ಮಾತಾಡುತ್ತಿರಲಿಲ್ಲ. ಸುಮ್ಮನೆ ಎದ್ದು ಮನೆಗೆ ಹೋಗುತ್ತಿದ್ದರು. ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಆ ಜಿಂಕೆಯನ್ನು ತಿರುಗಿಸಿ ನಿಲ್ಲಿಸುವ ಅವರ ಚಾಳಿ. ನಾನು ಕಣ್ಣು ಮುಚ್ಚಬೇಕು, ಅವರು ತಿರುಗಿಸಬೇಕು, ಕಣ್ಣು ಬಿಟ್ಟು ಬಾಣ ಹೂಡಬೇಕು. ಒಮ್ಮೆ ಪಕ್ಕಕ್ಕೆ, ಒಮ್ಮೆ ಓರೆಗೆ. ಒಂದು ದಿನ ನೇರ ನನ್ನ ಮುಖಕ್ಕೇ ತಿರುಗಿಸಿದ್ದರು. ಎದೆಯ ನಟ್ಟನಡುವೆ ಹೊಡೆದೆ, ಒಂದಿಷ್ಟೂ ಆಚೀಚೆ ಆಗದ ಹಾಗೆ. ಹೆಮ್ಮೆಯಿಂದ ಅವರ ಕಡೆ ನೋಡಿದೆ.

"ಯಾಕ ಹೊಡದಿ?"

"ಸರಿಯಾಗೇ ಬಿತ್ತಲ್ಲ ಅಂಕಲ್."

"ಎದಿ ಎಲುಬಿಗೆ ಬಡದು ಜಾರಿ ಹೊಟ್ಟಿಗೆ ಹೋಗ್ತದ. ಎದುರಿಗೆ ನಿಂತಾಗ ಬಿಲ್ಲು ಇಳಸಬೇಕು. ಇಳಸೂದು ಯಾವಾಗ ಕಲೀತಿ? ಹೊಡ್ಯಾಕ ಯಾವ ದಡ್ಡಗೂ ಬರ್ತದ."

ಆಮೇಲೆ ವಾರಗಟ್ಟಲೆ, ನನಗೆ ಬೇಸರ ಬರುವಷ್ಟು, ಎದುರಿಗೇ ನಿಲ್ಲಿಸಿದರು. ನಾನು ಹೂಡುವುದು, ಇಳಿಸುವುದು. ಹಿತ್ತಲಲ್ಲಿ ಏನೂ ಹೊಡೆಯದೆ ನಿಂತ ನನ್ನನ್ನು ನೋಡಿ ನನ್ನ ಹೆಂಡತಿಗೆ ನಗುವೋ ನಗು. ಕೊನೆಗೆ ಸೆಪ್ಟೆಂಬರಿನ ಒಂದು ಸಂಜೆ ಅಂಕಲ್ ಎದ್ದು ನಿಂತು, "ಹೋಗು. ರೈತಗ ಹೇಳತೀನಿ. ಹೊಟ್ಟಿಗೆ ಬಿತ್ತಂದ್ರ ಈ ಕಡೆ ಮಾರಿ ತೋರಸಬ್ಯಾಡ" ಎಂದರು. ಆಶೀರ್ವಾದವೆಂದರೆ ಅಷ್ಟೇ.

ಬೇಟೆಯ ಮೊದಲ ದಿನ, ಮರದ ಮೇಲೆ ಹೊಂಚಿ ಕೂತಿದ್ದಾಗ, ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ಬಂದು ನನಗೆ ಎದುರಾಗಿ ನಿಂತಿತು. ಅಂಥದ್ದನ್ನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಹೂಡಿದೆ, ಕಾದೆ, ಅದು ತಿರುಗಲಿಲ್ಲ, ತೋಳು ನಡುಗತೊಡಗಿತು, ಇಳಿಸಿದೆ. ಅದು ಹೊರಟುಹೋಯಿತು. ಅಲ್ಲೇ ಕೂತು ಅಂಕಲ್‌ಗೆ ಮನಸಾರೆ ಶಾಪ ಹಾಕಿದೆ. ಮುಂದಿನ ವಾರ ಒಂದು ಹೆಣ್ಣು ಜಿಂಕೆ ಪಕ್ಕಕ್ಕೆ ತಿರುಗಿ ನಿಂತಿತು. ಬಿಟ್ಟೆ. ನಾಲ್ಕು ಹೆಜ್ಜೆ ಓಡಿ ಬಿತ್ತು, ಬಾಯಲ್ಲಿ ಇನ್ನೂ ಹುಲ್ಲಿತ್ತು.

ಮನೆಗೆ ತಂದು ಅವರ ಬಾಗಿಲು ತಟ್ಟಿದೆ. ಮಾಂಸವೆಂದರೆ ಮುಖ ತಿರುಗಿಸುವ ಮನುಷ್ಯ ಬಂದು ಬಗ್ಗಿ ನೋಡಿದರು. ಗಾಯ ನೋಡಿದರು, ಕಣ್ಣು ನೋಡಿದರು, ಹಲ್ಲಿನ ನಡುವಿನ ಹುಲ್ಲು ನೋಡಿದರು.

"ಇದಕ್ಕ ಗೊತ್ತ ಆಗಿಲ್ಲ" ಎಂದರು.

ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಅವರು ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು. ಗೇಟಿನ ತನಕ ಹೋದವರು ತಿರುಗಿ, "ಹ್ವಾದ ವರ್ಷದ್ದೂ ಹಿಂಗ ಹೊಡದಿದ್ರ ಏನಾಗತಿತ್ತು ನಿಮಗ?" ಎಂದರು. ಆ ಕಿತ್ತಳೆ ಗರಿಯ ಬಾಣ ನನ್ನದೆಂದೇ ಅವರು ಕೊನೆತನಕ ನಂಬಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು. ನನಗೆ ಈಗಲೂ ಅದರ ಮೇಲೆ ಸಿಟ್ಟಿದೆ.

ಹೋದ ಚಳಿಗಾಲ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ಆಂಟಿ, ಅಂದರೆ ಅವರ ಹೆಂಡತಿ, ಒಮ್ಮೆ ಬಂದು ನೋಡಿಕೊಂಡು ಹೋಗಪ್ಪ ಎಂದು ಕರೆದರು. ಆಸ್ಪತ್ರೆಯ ಮಂಚದಲ್ಲಿ ಅರ್ಧದಷ್ಟಾಗಿದ್ದರು. ನೋವಿನ ಔಷಧಿಯ ನಡುವೆಯೂ ಕಾಲು ಮಡಚುತ್ತಿದ್ದರು, ಚಾಚುತ್ತಿದ್ದರು. ಹೇಗಿದ್ದೀರಿ ಅಂಕಲ್ ಎಂದು ಕೇಳಿದೆ.

"ನನಗ ಹೊಡದಾಂವ ಪ್ರಾಕ್ಟೀಸ್ ಮಾಡಿಲ್ಲೋ ತಮ್ಮಾ. ಹೊಟ್ಟಿಗೆ ಹೊಡದ ಬಿಟ್ಟ ಹೋಗ್ಯಾನ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆಂಟಿ ಕಿಟಕಿಯ ಕಡೆ ಮುಖ ತಿರುಗಿಸಿದರು.

ಅದಾದ ಮೇಲೂ ಅವರ ಜೀವ ಬಹಳ ದಿನ ಹೋಗಲಿಲ್ಲ. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಆದರೂ ಹತ್ತು ವರ್ಷದಲ್ಲಿ ಒಂದು ದಿನವೂ ಅವರು ಸಾಯಲಿ ಎಂದುಕೊಂಡವನಲ್ಲ. ಆಸ್ಪತ್ರೆಗೆ ಹೋಗಿ ಬಂದ ದಿನದಿಂದ, ಧರ್ಮ ಒಪ್ಪುತ್ತದೋ ಇಲ್ಲವೋ, ಐದು ಹೊತ್ತಿನ ನಮಾಜಿನಲ್ಲೂ ಅದನ್ನೇ ಬೇಡಿಕೊಂಡೆ.