ಹಾಸ್ಟೆಲ್ ಅಡುಗೆಯಾಕೆಯ ನಾಲಿಗೆ

ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ತುರ್ವಿಹಾಳದ ಹುಡುಗಿಯರ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಇದ್ದವರು ಇಬ್ಬರೇ: ವಾರ್ಡನ್ ಆಗಿದ್ದ ನಾನು ಮತ್ತು ಅಡುಗೆಯಾಕೆ. ಹುಡುಗಿಯರು ಆಕೆಯ ಸಾರು ಬಿಟ್ಟು, ನೂಡಲ್ಸ್ ಪ್ಯಾಕೆಟ್ಟಿನ ಮಸಾಲೆಯನ್ನು ಅನ್ನಕ್ಕೆ ಕಲಸಿ ಉಣ್ಣುತ್ತಿದ್ದರು. ಇನ್ನೊಂದು ದೂರು ಬಂದರೆ ಆಕೆಯ ಕೆಲಸ ಹೋಗುತ್ತಿತ್ತು. ಉಳಿಸೋಣವೆಂದು, ಆಕೆ ನೀರಿಗೆ ಹೋದಾಗ, ಕುದಿಯುವ ಸಾರಿಗೆ ನಾನೇ ಒಂದು ಚಮಚ ಟೇಸ್ಟಿಂಗ್ ಪೌಡರ್, ಅಂದರೆ ಹೋಟೆಲಿನವರು ರುಚಿ ಹೆಚ್ಚಿಸಲು ಬಳಸುವ ಬಿಳಿ ಪುಡಿ, ಹಾಕಿದೆ.

ಆಕೆ ಎಂದೂ ಚಮಚದಿಂದ ರುಚಿ ನೋಡುತ್ತಿರಲಿಲ್ಲ. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ಕಣ್ಣು ಮುಚ್ಚಿ ನೆಕ್ಕಿ, "ತಡೀರಿ, ನಾಲಿಗಿ ಹೇಳ್ತೈತಿ" ಎನ್ನುತ್ತಿದ್ದಳು. ಅಂದೂ ಹಾಗೆಯೇ ಅಂದಳು.

"ಮೇಡಮ್ಮಾರ, ಇದಕ್ಕ ಏನ್ ಹಾಕೀರಿ? ಉಪ್ಪಂತೂ ಅಲ್ಲ."

ನಾನು ಒಪ್ಪಿಕೊಂಡೆ.

"ನನ್ನ ಕೇಳಿದ್ರ ಆಗ್ತಿತ್ತಲ್ರೀ. ಈ ರುಚಿ ಹಣ್ಣಾದ ಟೊಮೆಟೊದಾಗ ಐತಿ. ವಾರಗಟ್ಲೆ ಇರ್ತಾವಂತ ನೀವು ಕಾಯಿ ತರಸ್ತೀರಿ, ಬೈಸ್ಗೊಳ್ಳಾಕಿ ನಾನು!"

ನಾನು ಬೆರಗಾದೆ. ಆ ಪುಡಿಯಲ್ಲೂ ಹಣ್ಣು ಟೊಮೆಟೊದಲ್ಲೂ ರುಚಿ ಕೊಡುವುದು ಗ್ಲುಟಾಮಿಕ್ ಆಮ್ಲವೆಂಬ ಒಂದೇ ಅಮೈನೋ ಆಮ್ಲ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅದರ ಹೆಸರನ್ನೇ ಕೇಳದ ಆಕೆ ಒಂದು ಹನಿಯಲ್ಲಿ ಅದನ್ನು ಹಿಡಿದಿದ್ದಳು.

ನಾನೇ ಹೋಗಿ ಕೆಂಪಗೆ ಹಣ್ಣಾದವನ್ನು ತಂದೆ. ಆಕೆ ಅವು ಕರಗುವವರೆಗೆ ಬೇಯಿಸಿ ಬೇರೆ ಸಾರು ಮಾಡಿದಳು. ಮಧ್ಯಾಹ್ನ ಹುಡುಗಿಯರು ಎರಡನೆಯ ಸಲ ತಟ್ಟೆ ಚಾಚಿದರು.

"ಯಾಕಬೇ, ನಿಮ್ಮ ಪ್ಯಾಕೆಟ್ ತೀರ್ಯಾವೇನು?" ಎನ್ನುತ್ತಲೇ ಆಕೆ ಬಡಿಸಿದಳು.

ಸಂಜೆ ನಾನು ತರಕಾರಿ ಪಟ್ಟಿಯನ್ನು ತಿದ್ದಿ, ದಿನವೂ ಹಣ್ಣು ಟೊಮೆಟೊವನ್ನೇ ತರಬೇಕೆಂದು ಬರೆದು, ಸಹಿ ಹಾಕಿ, ಆ ದಿನದ ಕೆಲಸ ಮುಗಿಸಿದೆ.